ಎದೆ 22, ತಲೆ 51: ಒಂದು ಸ್ವೆಟರ್ ಆರ್ಡರಿನ ಕಥೆ

ಯೂನಿಫಾರ್ಮ್ ಲೈನಿನಲ್ಲಿ ಶರ್ಟು, ಚಡ್ಡಿ, ಪ್ಯಾಂಟು ಹೇಗೋ ಸಾಗುತ್ತವೆ. ಸೋಲಾಪುರದಿಂದ ಶರ್ಟು ಬರುತ್ತದೆ, ತಿರುಪ್ಪೂರಿನಿಂದ ಹೌಸ್ ಟೀಶರ್ಟು ಬರುತ್ತದೆ. ಸೈಜು ಹೆಚ್ಚುಕಮ್ಮಿ ಆದರೆ ಎಕ್ಸ್‌ಚೇಂಜ್ ಕೌಂಟರಿನಲ್ಲೇ ಮುಗಿಯುತ್ತದೆ. ನನ್ನ ತಲೆ ತಿನ್ನೋದು ಸ್ವೆಟರ್. ಅದರಲ್ಲೂ ಒಂದನೇ, ಎರಡನೇ ಕ್ಲಾಸಿನ ಹುಡುಗರ ಸ್ವೆಟರ್.

ಬೆಂಗಳೂರಿನ ಒಂದು ಯೂನಿಫಾರ್ಮ್ ಸಪ್ಲೈ ಕಂಪನಿಯಲ್ಲಿ ನಾನು ಮರ್ಚಂಡೈಸರ್, ಅಂದರೆ ಶಾಲೆಯ ಆರ್ಡರು ಹಿಡಿದು ಫ್ಯಾಕ್ಟರಿಯಿಂದ ಮಾಲು ಮಾಡಿಸಿ ತಲುಪಿಸುವವನು. ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆಯ ಶಾಲೆಗಳು ನನ್ನ ಪಾಲಿಗೆ. ಬಯಲುಸೀಮೆ ಶಾಲೆಗೆ ಸ್ವೆಟರ್ ಅಂದರೆ ಡಿಸೆಂಬರ್‌ನಲ್ಲಿ ನಾಲ್ಕು ದಿನ ಹಾಕುವ ಶೋಕಿ. ಮಡಿಕೇರಿ ಕಡೆ ಹಾಗಲ್ಲ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು. ಶಾಲೆ ಶುರುವಾಗುವುದೂ ಮಳೆ ಹಿಡಿಯುವುದೂ ಹೆಚ್ಚುಕಮ್ಮಿ ಒಟ್ಟಿಗೇ. ಮೇ ಕೊನೆಯಲ್ಲಿ ಸ್ವೆಟರ್ ಕೈಗೆ ಸಿಗದಿದ್ದರೆ ಜೂನ್‌ನಲ್ಲಿ ಮಕ್ಕಳು ನಡುಗುತ್ತಾ ಕೂರುತ್ತವೆ.

ಇದನ್ನು ನಮಗೆ ಸ್ವೆಟರ್ ಹೆಣೆದು ಕೊಡುವ ಪಂಜಾಬಿನ ಲೂಧಿಯಾನಾದವರಿಗೆ ಅರ್ಥ ಮಾಡಿಸೋದೇ ಒಂದು ಕೆಲಸ. ಅವರ ಲೆಕ್ಕದಲ್ಲಿ ಸ್ವೆಟರ್ ಅಂದರೆ ಚಳಿ, ಚಳಿ ಅಂದರೆ ಅಕ್ಟೋಬರ್ ನಂತರ. ನಾವು ಜನವರಿಯಲ್ಲಿ ಫೋನ್ ಮಾಡಿ ಮೇ ತಿಂಗಳಿಗೆ ಮಾಲು ಬೇಕು ಅಂದರೆ, "ಮೇ ಮೇಂ ಸ್ವೆಟರ್, ಜೀ?" ಅಂತ ನಗುತ್ತಾರೆ. ಆಮೇಲೆ "ಹೋ ಜಾಯೇಗಾ ಜೀ." ಈ ಮಾತು ಕೇಳಿದಾಗಲೆಲ್ಲ ನನಗೆ ಬಿಪಿ ಏರುತ್ತದೆ.

ಒಂದು ವರ್ಷ ಕೊಡಗಿನ ಒಂದು ಶಾಲೆಯ ಆರ್ಡರು, ಒಂದರಿಂದ ಏಳನೇ ಕ್ಲಾಸಿನ ಹುಡುಗರದ್ದು. ಬಾಟಲ್ ಗ್ರೀನ್, ಕುತ್ತಿಗೆಗೂ ಕಫ್‌ಗೂ ಎರಡೆರಡು ಹಳದಿ ಪಟ್ಟೆ. 12 ಗೇಜ್ (ಹೆಣಿಗೆ ಮೆಷಿನ್ನಿನಲ್ಲಿ ಇಂಚಿಗೆ 12 ಸೂಜಿ), ನೂಲು ಪೂರ್ತಿ ಅಕ್ರಿಲಿಕ್, ಅಂದರೆ ಕೃತಕ ನೂಲು.

ಅಕ್ರಿಲಿಕ್ ಯಾಕೆ, ಉಣ್ಣೆ ಯಾಕಲ್ಲ ಅಂತ ಪೋಷಕರು ಪ್ರತಿ ವರ್ಷ ಕೇಳುತ್ತಾರೆ. ಉಣ್ಣೆ ಬೆಚ್ಚಗೆ, ನಿಜ. ಆದರೆ ಆರು ವರ್ಷದ ಹುಡುಗನಿಗೆ ಕತ್ತಿನ ಹತ್ತಿರ ಚುಚ್ಚುತ್ತದೆ. ಮನೆಯವರು ಒಮ್ಮೆ ವಾಷಿಂಗ್ ಮೆಷಿನ್‌ಗೆ ಹಾಕಿದರೆ ಕುಗ್ಗಿ ತಮ್ಮನ ಸೈಜಿಗೆ ಬರುತ್ತದೆ. ಹತ್ತಿ ಮೆತ್ತಗೆ, ಆದರೆ ಮಳೆಗಾಲದಲ್ಲಿ ಒಣಗಲ್ಲ. ಗಾಳಿಯ ತೇವವನ್ನೇ ಉಣ್ಣೆ ತನ್ನ ತೂಕದ 16 ಪರ್ಸೆಂಟಿನಷ್ಟು ಕುಡಿಯುತ್ತದೆ, ಹತ್ತಿ 8ರಷ್ಟು, ಅಕ್ರಿಲಿಕ್ 2 ಕೂಡ ಇಲ್ಲ. ಕೊಡಗಿನ ಜುಲೈನಲ್ಲಿ ಸಂಜೆ ಒಗೆದದ್ದನ್ನು ಬೆಳಗ್ಗೆ ಹಾಕಿಸಬೇಕು ಅಂದರೆ ಬೇರೆ ದಾರಿ ಇಲ್ಲ. ಒಂದೇ ತೊಂದರೆ, ಬಚ್ಚಲು ಒಲೆಯ ಹತ್ತಿರ ತಂತಿ ಕಟ್ಟಿ ಒಣಗಿಸುತ್ತಾರೆ. ಅಕ್ರಿಲಿಕ್‌ಗೆ ಬಿಸಿ ಆಗಿಬರಲ್ಲ. ಹಸಿಯಾಗಿದ್ದಾಗ ಕಾವು ತಗುಲಿದರೆ ರಿಬ್ (ಅಂಚಿನಲ್ಲಿ ಹಿಗ್ಗಿ ಕುಗ್ಗುವ ಹೆಣಿಗೆ) ಸತ್ತುಹೋಗಿ ತೋಳು ಜೋತು ಬೀಳುತ್ತದೆ. ಕಿಡಿ ಬಿದ್ದರಂತೂ ಹೊತ್ತಿಕೊಂಡು ಕರಗುತ್ತದೆ. ಇದನ್ನು ಕನ್ನಡದಲ್ಲಿ ಚೀಟಿ ಮಾಡಿ ಪ್ರತಿ ಪ್ಯಾಕೆಟ್ಟಿನಲ್ಲಿ ಹಾಕಿಸಲು ನಾನು ಮೂರು ಸೀಸನ್ ಮೀಟಿಂಗಿನಲ್ಲಿ ಕೂಗಬೇಕಾಯಿತು.

ನೂಲಿನ ವಿಷಯದಲ್ಲಿ ಇಷ್ಟೆಲ್ಲ ಯೋಚಿಸಿದವನು ಕುತ್ತಿಗೆಯ ವಿಷಯದಲ್ಲಿ ಎಡವಿದೆ.

ಹಿಂದಿನ ವರ್ಷದವರೆಗೆ ಆ ಶಾಲೆಯದು ವಿ ನೆಕ್. ಎದೆಗೆ ಗಾಳಿ ಹೊಡೆಯುತ್ತೆ, ಮಗುವಿಗೆ ಕೆಮ್ಮು ಬಿಡೋದೇ ಇಲ್ಲ ಅಂತ ಪೋಷಕರ ದೂರು. ರೌಂಡ್ ನೆಕ್ ಮಾಡಿ ಅಂದರು. ಸರಿ, ಒಳ್ಳೆ ಐಡಿಯಾ ಅನ್ನಿಸಿತು. ಪಿಪಿ ಸ್ಯಾಂಪಲ್, ಅಂದರೆ ಬಲ್ಕ್‌ಗೆ ಮೊದಲು ಒಪ್ಪಿಗೆಗೆ ಬರುವ ಪೀಸು, 30ರ ಸೈಜಿನಲ್ಲಿ ಬಂತು (ಸೈಜು ಅಂದರೆ ಎದೆಯ ಅಳತೆ, ಇಂಚಿನಲ್ಲಿ). ಶಾಲೆಯ ಆಫೀಸಿನಲ್ಲಿ ಆರನೇ ಕ್ಲಾಸಿನ ಒಬ್ಬ ಹುಡುಗನಿಗೆ ಹಾಕಿಸಿ ನೋಡಿದರು. ಚೆನ್ನಾಗಿ ಕೂತಿತು. ಪ್ರಿನ್ಸಿಪಾಲ್ ಮೇಡಂ ಸಹಿ ಮಾಡಿದರು. ಪ್ರತಿ ಸೈಜಿನ ಸ್ಯಾಂಪಲ್ ಇರುವ ಸೈಜ್ ಸೆಟ್ ತಡವಾಗಿ ಬಂತು. ಅದನ್ನು ಟೇಬಲ್ ಮೇಲೆ ಹರಡಿ ಟೇಪ್ ಹಿಡಿದೆವು. ಎಲ್ಲ ಅಳತೆ ಸ್ಪೆಕ್ ಶೀಟ್ ಅನ್ನುವ ಅಳತೆ ಪಟ್ಟಿಯ ಪ್ರಕಾರ, ಪ್ಲಸ್ ಮೈನಸ್ ಒಂದು ಸೆಂಟಿಮೀಟರಿನೊಳಗೆ. ಡಮ್ಮಿಗೂ ಹಾಕಿ ಫೋಟೋ ತೆಗೆದೆವು. ಡಮ್ಮಿಗೆ ತಲೆ ಇರಲ್ಲ ಅನ್ನೋದು ಆಗ ಯಾರ ತಲೆಗೂ ಹೊಳೆಯಲಿಲ್ಲ.

ಸ್ಪೆಕ್ ಶೀಟ್ ಅಂದೆನಲ್ಲ, ಅದರ ಬಗ್ಗೆ ಹೇಳಲೇಬೇಕು. ನಮ್ಮಲ್ಲಿ ಒಂದು ಎಕ್ಸೆಲ್ ಫೈಲ್ ಇದೆ. ಮಾಡಿದವರು ಯಾವಾಗಲೋ ಕೆಲಸ ಬಿಟ್ಟು ಹೋಗಿದ್ದಾರೆ. ಫಾರ್ಮುಲಾ ಲಾಕ್ ಆಗಿದೆ, ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಮೇಲಿನ ಸೈಜು ತುಂಬಿದರೆ ಕೆಳಗಿನದೆಲ್ಲ ತಾನಾಗಿಯೇ ಇಳಿದು ಬರುತ್ತದೆ. 34ರ ಸೈಜಿಗೆ ಕುತ್ತಿಗೆಯ ಸುತ್ತಳತೆ ಪೂರ್ತಿ ಎಳೆದಾಗ 60 ಸೆಂಟಿಮೀಟರ್. ಒಂದೊಂದು ಸೈಜಿಗೆ 2 ಕಮ್ಮಿ. 22ಕ್ಕೆ ಬರುವಾಗ 48.

ಕಾಗದದ ಮೇಲೆ ನೋಡಲು ಎಷ್ಟು ಸರಿಯಾಗಿದೆ ಅಲ್ವಾ? ಎದೆ ಇಳಿಯುತ್ತದೆ, ತೋಳು ಇಳಿಯುತ್ತದೆ, ಕುತ್ತಿಗೆಯೂ ಇಳಿಯುತ್ತದೆ. ಆದರೆ ತಲೆ ಆ ಲೆಕ್ಕಕ್ಕೆ ಇಳಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಚಾರ್ಟು ನೋಡಿ. ಹುಟ್ಟಿದ ಗಂಡು ಮಗುವಿನ ತಲೆಯ ಸುತ್ತಳತೆ ಸರಾಸರಿ 34.5 ಸೆಂಟಿಮೀಟರ್, 5 ವರ್ಷಕ್ಕೆ 50.7. ದೊಡ್ಡ ಗಂಡಸಿಗೆ 57ರ ಆಸುಪಾಸು. ಅಂದರೆ ತಲೆ ಬೆಳೆಯುವ ಕೆಲಸವನ್ನು ಶಾಲೆಗೆ ಸೇರುವ ಮೊದಲೇ ಬಹುಪಾಲು ಮುಗಿಸಿರುತ್ತದೆ. ಒಂದನೇ ಕ್ಲಾಸಿನ ಹುಡುಗ ಅಂದರೆ ಸಣ್ಣ ಮೈ, ದೊಡ್ಡ ತಲೆ, ಜೊತೆಗೆ ಎರಡು ಕಿವಿ. ವಿ ನೆಕ್ ಇದ್ದಾಗ ಈ ತಪ್ಪು ಲೆಕ್ಕ ಮುಚ್ಚಿಹೋಗಿತ್ತು, ಅಷ್ಟೆ. ಈ ಚಾರ್ಟು ನಾನು ನೋಡಿದ್ದು ಎಲ್ಲ ಮುಗಿದ ಮೇಲೆ.

ಇದರ ಮೇಲೆ ಪರ್ಚೇಸ್ ವಿಭಾಗದವರ ಕೃಪೆ ಬೇರೆ. ಕುತ್ತಿಗೆ ಪಟ್ಟಿ ಜೋಡಿಸಲು ಲಿಂಕಿಂಗ್ ಬೇಡ, ಓವರ್‌ಲಾಕ್ ಹೊಲಿಗೆ ಸಾಕು, ರೇಟು ಇಳಿಯುತ್ತೆ ಅಂದರು. ಸ್ಯಾಂಪಲ್ ಲಿಂಕಿಂಗ್‌ನಲ್ಲಿ ಬಂದಿತ್ತು. ಬಲ್ಕ್, ಅಂದರೆ ಪೂರ್ತಿ ಆರ್ಡರು, ಓವರ್‌ಲಾಕ್‌ಗೆ ಹೋಯಿತು. ಲಿಂಕಿಂಗ್ ಆದರೆ ಕುಣಿಕೆಗೆ ಕುಣಿಕೆ ಸೇರಿ ಸ್ವೆಟರ್ ಜೊತೆಗೇ ಹಿಗ್ಗುತ್ತದೆ. ಓವರ್‌ಲಾಕ್‌ನ ಪಾಲಿಯೆಸ್ಟರ್ ದಾರ ಒಂದು ಮಿತಿಗೆ ಬಂದು ನಿಂತುಬಿಡುತ್ತದೆ. ನಾನು ಒಪ್ಪಿ ಮೇಲ್ ಕಳಿಸಿದೆ. ಬಲ್ಕ್ ಶುರುವಾಗುವ ಮೊದಲು ಲೂಧಿಯಾನಾದ ಮಾಸ್ಟರ್ "ಛೋಟೇ ಸೈಜ್ ಕಾ ಗಲಾ ಠೀಕ್ ಹೈ ನಾ?" (ಚಿಕ್ಕ ಸೈಜಿನ ಕುತ್ತಿಗೆ ಸರಿ ಇದೆ ತಾನೇ?) ಅಂತ ವಾಟ್ಸಾಪ್ ಮಾಡಿದ್ದರು. ನಾನು ಬೇರೆ ಯಾವುದೋ ಡಿಸ್ಪ್ಯಾಚ್ ಗಲಾಟೆಯಲ್ಲಿದ್ದೆ. "ಆಸ್ ಪರ್ ಶೀಟ್" ಅಂತ ಒತ್ತಿ ಕಳಿಸಿದೆ.

ಮೇ ಕೊನೆಯ ವಾರ ಶಾಲೆಯ ಹಾಲಿನಲ್ಲಿ ನಮ್ಮ ಸ್ಟಾಲ್. ಶರ್ಟು, ಚಡ್ಡಿ, ಟೈ, ಸಾಕ್ಸ್ ಎಲ್ಲ ಒಂದೇ ಕಡೆ. ದೊಡ್ಡ ಮಕ್ಕಳ ಸ್ವೆಟರ್ ಸರಾಗವಾಗಿ ಹೋಗುತ್ತಿತ್ತು. ಆಮೇಲೆ ಒಂದನೇ ಕ್ಲಾಸಿನ ಸಾಲು ಬಂತು.

ಮೊದಲನೆಯ ಹುಡುಗ ಎರಡೂ ಕೈ ಮೇಲೆತ್ತಿ ನಿಂತ. ಅವನಮ್ಮ ಸ್ವೆಟರ್ ಇಳಿಸಿದರು. ಕೈ ತೋಳಿನೊಳಗೆ ಹೋಯಿತು. ಕುತ್ತಿಗೆ ಹಣೆಯ ಮೇಲೆ ಬಂದು ನಿಂತಿತು. ಎಳೆದರು. ಹುಬ್ಬಿನವರೆಗೆ ಬಂತು. ಇನ್ನೂ ಎಳೆದರು. ಅಲ್ಲಿಂದ ಮುಂದೆ ಇಲ್ಲ. ಕೈ ಮೇಲೆ, ಮುಖ ಒಳಗೆ, ಹೊಟ್ಟೆ ಹೊರಗೆ. ಒಳಗಿನಿಂದ ಸಣ್ಣ ದನಿ: "ಅಮ್ಮಾ, ಕತ್ತಲೆ."

ಸಾಲಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ. ನಕ್ಕು, "ಹೊಸದರಲ್ಲಿ ಹಂಗೇ ಮೇಡಂ, ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ" ಅಂದೆ. ಆ ತಾಯಿ ತಿರುಗಿ ನೋಡಿದರು. "ಸ್ವೆಟರ್ ಲೂಸ್ ಆಗ್ಬಹುದು ಸಾರ್. ಅಷ್ಟರಲ್ಲಿ ಕಿವಿ ಇರ್ಬೇಕಲ್ಲ?"

ಅಷ್ಟು ಹೊತ್ತಿಗೆ ಹುಡುಗ ಒಳಗೆ ಅಳಲು ಶುರು ಮಾಡಿದ್ದ. ನಾನೇ ಮುಂದೆ ಹೋಗಿ ಕುತ್ತಿಗೆ ಪಟ್ಟಿಯನ್ನು ಎರಡೂ ಕಡೆ ಹಿಡಿದು ಅಗಲಿಸಿದೆ. ಟಪ್ ಅಂತ ಸದ್ದು. ಹಿಂದೆ ಲೇಬಲ್ ಹೊಲಿದ ಜಾಗದಲ್ಲಿ ದಾರ ಕಿತ್ತಿತು. ತಲೆ ಹೊರಗೆ ಬಂತು, ಕಿವಿ ಕೆಂಪಗೆ, ಕೂದಲು ನೆಟ್ಟಗೆ. ಹಾಲಿನಲ್ಲಿ ನಗು ನಿಂತಿತ್ತು. ಪ್ರಿನ್ಸಿಪಾಲ್ ಮೇಡಂ ಬಾಗಿಲಲ್ಲೇ ನಿಂತಿದ್ದರು. ಅವರು ಏನೂ ಹೇಳಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ.

ಆಗ ಕೂಡ ನನಗೆ ಅನ್ನಿಸಿದ್ದು ಒಂದು ಪೀಸಿನ ಡಿಫೆಕ್ಟ್ ಅಂತ. ಇನ್ನೊಂದು 22 ತೆಗೆದೆ. ಅದೇ ಕಥೆ. 24 ತೆಗೆದೆ, ಅದೂ ಹುಬ್ಬಿನಲ್ಲೇ ನಿಂತಿತು. 26 ಹೇಗೋ ಇಳಿಯಿತು, ಆದರೆ ತೋಳು ಬೆರಳು ದಾಟಿ ನೇತಾಡಿತು. ಹಾಲಿನ ಮೂಲೆಗೆ ಹೋಗಿ ಲೂಧಿಯಾನಾಕ್ಕೆ ಉದ್ದದ ಮೆಸೇಜ್ ಬರೆದೆ. ಪೂರಾ ಲಾಟ್ ರಿಜೆಕ್ಟ್, ಡೆಬಿಟ್ ನೋಟ್ ಬರುತ್ತೆ, ಇತ್ಯಾದಿ. ಉತ್ತರಕ್ಕೆ ಬಂದದ್ದು ಎರಡು ಫೋಟೋ. ಒಂದು, ನನ್ನ ಸಹಿ ಇರುವ ಸ್ಪೆಕ್ ಶೀಟ್, 48ರ ಸುತ್ತ ಕೆಂಪು ಗೆರೆ. ಇನ್ನೊಂದು, ನನ್ನದೇ "ಆಸ್ ಪರ್ ಶೀಟ್"ನ ಸ್ಕ್ರೀನ್‌ಶಾಟ್. ಜೊತೆಗೆ ಕೈಮುಗಿಯುವ ಇಮೋಜಿ. ಆ ಇಮೋಜಿ ಇವತ್ತಿಗೂ ಚುಚ್ಚುತ್ತದೆ.

ಮಾಲು ಲಾರಿ ಹತ್ತಿ ಬೆಂಗಳೂರಿಗೆ ವಾಪಸ್ ಬಂತು. ಚಿಕ್ಕ ಸೈಜುಗಳ ಎಡಭುಜ ಬಿಚ್ಚಿಸಿ, ಒಳಗೆ ಟೇಪ್ ಕೊಟ್ಟು, ಎರಡು ಟಿಚ್ ಬಟನ್ ಹಾಕಿಸಿದೆವು. ಟೇಪ್ ಇಲ್ಲದೆ ಹೆಣಿಗೆಯ ಮೇಲೆ ಟಿಚ್ ಬಟನ್ ಹೊಡೆದರೆ ಎಳೆದಾಗ ಬಟನ್ ಜೊತೆ ಬಟ್ಟೆಯೂ ಕಿತ್ತು ಬರುತ್ತದೆ. ಇದನ್ನು ಮೊದಲ ಬ್ಯಾಚ್ ಹಾಳು ಮಾಡಿ ಕಲಿತೆವು. ಜಾಬ್ ವರ್ಕ್ ಖರ್ಚು ನಮ್ಮ ಟೀಮಿನ ಇನ್ಸೆಂಟಿವ್‌ನಿಂದ ಹೋಯಿತು. ಓವರ್‌ಲಾಕ್ ಉಳಿತಾಯದ ಶಭಾಷ್‌ಗಿರಿ ಮಾತ್ರ ಪರ್ಚೇಸ್‌ನವರ ಖಾತೆಯಲ್ಲೇ ಉಳಿಯಿತು. ಅಷ್ಟರಲ್ಲಿ ಶಾಲೆ ಶುರುವಾಗಿತ್ತು. ಒಂದನೇ ಕ್ಲಾಸಿನವರು ಮನೆಯ ಬಣ್ಣಬಣ್ಣದ ಸ್ವೆಟರ್ ಹಾಕಿಕೊಂಡು ಬಂದರು. ಹಿಂದಿನ ಚಳಿಗಾಲದಲ್ಲಿ ಟಿಬೆಟಿಯನ್ ವ್ಯಾಪಾರಿಗಳ ಹತ್ತಿರ ಕೊಂಡವು, ಬಹುಪಾಲು ಮುಂದೆ ಜಿಪ್ ಇದ್ದವು. ತಮಾಷೆ ಅಂದರೆ ಅವರಿಗೂ ಮಾಲು ಬರೋದು ಲೂಧಿಯಾನಾದಿಂದಲೇ.

ಸರಿ ಮಾಡಿದ ಸ್ವೆಟರ್ ಕೊಡಲು ನಾನೇ ಹೋದೆ. ಅಲ್ಲಿ ಆಯಮ್ಮನ ಹತ್ತಿರ ಚೆನ್ನಾಗಿ ಬೈಸಿಕೊಂಡೆ. "ಹಾಕಿಸೋಕೆ ಬೆಳಗ್ಗೆ ಅಮ್ಮಂದ್ರು ಇರ್ತಾರೆ ಸಾರ್. ಆಟ ಆಡಿ ಬೆವರಿ ಬಂದಾಗ ತೆಗೆಯೋದು ನಾನು. ಒಂದಲ್ಲ, ಕ್ಲಾಸಿಗೆ ಕ್ಲಾಸೇ." ಮಗು ತಾನೇ ಬಿಚ್ಚಿಕೊಳ್ಳಬಲ್ಲದಾ ಅನ್ನುವ ಪ್ರಶ್ನೆ ನಮ್ಮ ಚೆಕ್‌ಲಿಸ್ಟಿನಲ್ಲಿ ಎಲ್ಲೂ ಇರಲಿಲ್ಲ. ಮುಂದೆ ಪೂರಾ ಬಟನ್ ಇಟ್ಟರೆ? ಮೇಲಿನಿಂದ ಕೆಳಗಿನವರೆಗೆ ಒಂದು ತಪ್ಪಿ ಹಾಕಿಕೊಳ್ಳುತ್ತವೆ, ವಾರದೊಳಗೆ ಎರಡು ಬಟನ್ ಮಾಯ. ಜಿಪ್ಪಾದರೆ ಗದ್ದದ ಚರ್ಮ ಸಿಕ್ಕಿಕೊಳ್ಳುತ್ತೆ, ಮೇಲೆ ಒಂದು ಮಡಿಕೆ ಕೊಡಲೇಬೇಕು ಅಂದರು ಆಯಮ್ಮ.

ಅವತ್ತು ಮಕ್ಕಳನ್ನು ಸುಮ್ನೆ ನೋಡುತ್ತಾ ಕೂತೆ. ಆರು ವರ್ಷದ ಹುಡುಗರಿಗೆ ಸ್ವೆಟರ್ ತೋಳು ಅಂದರೆ ಕರ್ಚೀಫು. ಇನ್ನು ಕೆಲವರು ಕಫ್ ಜಗಿಯುತ್ತಾರೆ. ಮೊಣಕಾಲನ್ನು ಸ್ವೆಟರ್ ಒಳಗೆ ಎಳೆದುಕೊಂಡು ಕೂರುತ್ತಾರೆ, ಕೆಳಗಿನ ರಿಬ್ ಅಲ್ಲಿಗೆ ಖಲಾಸ್. ಬೆಳೆಯೋ ಮಗು ಅಂತ ಎರಡು ಸೈಜು ದೊಡ್ಡದು ಕೊಂಡವರ ಮಕ್ಕಳ ತೋಳು ರೇನ್‌ಕೋಟಿನಿಂದ ಹೊರಗೆ ಬಂದು ಒದ್ದೆಯಾಗಿರುತ್ತೆ, ದಿನವಿಡೀ ಹಾಗೇ. ಅಂಥವರಿಗೆ ಈಗ ನಾನು ಕೌಂಟರಿನಲ್ಲೇ ಹೇಳುತ್ತೇನೆ, ಜೂನ್‌ಗೆ ಒಂದು ಹಾಫ್ ಸ್ವೆಟರ್ ಸರಿಯಾದ ಸೈಜಿನಲ್ಲಿ ತಗೊಳ್ಳಿ, ಫುಲ್ ತೋಳಿನದು ಒಂದೇ ಸೈಜು ದೊಡ್ಡದಿರಲಿ, ಕಫ್ ಮಡಚಿ. ಎದೆಯ ಮೇಲಿನ ಲೋಗೋ ಒಬ್ಬ ಹುಡುಗ ಕೆರೆಯುತ್ತಲೇ ಇದ್ದ. ಒಳಗೆ ತಿರುಗಿಸಿ ನೋಡಿದರೆ ಎಂಬ್ರಾಯ್ಡರಿ ಬ್ಯಾಕಿಂಗ್ ಕಾಗದ ಹಾಗೇ ಇತ್ತು, ಅಂಚು ಗರಗಸದ ಹಾಗೆ. ಈಗ ಅದರ ಮೇಲೆ ಮೆತ್ತನೆಯ ಫಿಲ್ಮ್ ಒತ್ತಿಸುತ್ತೇವೆ.

22ರಿಂದ 26ರವರೆಗೆ ಕುತ್ತಿಗೆ ಎಳೆದಾಗ 54ಕ್ಕೆ ಕಮ್ಮಿ ಇದ್ದರೆ ನಾನು ಸಹಿ ಹಾಕಲ್ಲ. ಲಾಕ್ ಆದ ಎಕ್ಸೆಲ್ ಇನ್ನೂ ಹಾಗೇ ಇದೆ. ಐಟಿಯವರಿಗೆ ಟಿಕೆಟ್ ಹಾಕಿದೆ, "ಬಿಸಿನೆಸ್ ಇಂಪ್ಯಾಕ್ಟ್ ಏನು" ಅಂತ ಕೇಳಿ ಕ್ಲೋಸ್ ಮಾಡಿದರು. ಹಾಗಾಗಿ ಆ ಮೂರು ಸಾಲು ಪ್ರಿಂಟ್ ತೆಗೆದು ಪೆನ್ನಿನಲ್ಲಿ ತಿದ್ದಿ, ಸ್ಕ್ಯಾನ್ ಮಾಡಿ ಕಳಿಸುತ್ತೇನೆ.

ಈ ಸಲ ಅದೇ ಶಾಲೆಯ ಹೊಸ ಆಡಳಿತ ಮಂಡಳಿಗೆ ಹುಡೀ ಬೇಕಂತೆ, ದಾರ ಇರುವಂಥದ್ದು. ಯುರೋಪಿನಲ್ಲಿ ಇಎನ್ 14682 ಅನ್ನುವ ಮಾನದಂಡ ಇದೆ. ಅದರ ಪ್ರಕಾರ 7 ವರ್ಷದೊಳಗಿನ ಮಕ್ಕಳ ಬಟ್ಟೆಯಲ್ಲಿ ಕತ್ತು, ಟೋಪಿಯ ಹತ್ತಿರ ದಾರ ಇರುವಂತಿಲ್ಲ, ಬಸ್ಸಿನ ಬಾಗಿಲಿಗೋ ಜಾರುಬಂಡಿಗೋ ಸಿಕ್ಕಿಕೊಳ್ಳುತ್ತದೆ ಅಂತ. ಅದನ್ನು ತೋರಿಸಿದ ಮೇಲೆ ದಾರ ಬಿಟ್ಟರು. ಟೋಪಿ ಬಿಡಲು ಇನ್ನೂ ಒಪ್ಪಿಲ್ಲ. ಇತ್ತ ಪರ್ಚೇಸ್‌ನವರು ಲಿಂಕಿಂಗ್ ರೇಟಿಗೆ ಮತ್ತೆ ಗಂಟುಬಿದ್ದಿದ್ದಾರೆ. ಚಿಕ್ಕ ಸೈಜಿಗೆ ಮಾತ್ರ ಲಿಂಕಿಂಗ್, ದೊಡ್ಡದಕ್ಕೆ ಓವರ್‌ಲಾಕ್ ಇರಲಿ ಅಂತ ನಾನು ಅರ್ಧಕ್ಕೆ ಇಳಿದಿದ್ದೇನೆ. ಮೇಲಿನವರ ಸಹಿ ಬಾಕಿ. ನೂಲು ಬುಕ್ ಮಾಡಬೇಕು, ಬೇಗ ಹೇಳಿ ಅಂತ ಲೂಧಿಯಾನಾದಿಂದ ದಿನಾ ಫೋನು.