ಡಾಕ್ಟರ್ ಸುಳ್ಳು ಹೇಳಿದನೇ?

ಅಗಾಥಾ ಕ್ರಿಸ್ಟಿಯ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಇನ್ನೂ ಓದದವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ಕೊಲೆಗಾರ ಯಾರೆಂದು ಈಗಲೇ ಹೇಳಿಬಿಡುತ್ತೇನೆ. 1926ರಲ್ಲಿ ಬಂದ ಪುಸ್ತಕದ ಗುಟ್ಟನ್ನು ಇನ್ನೂ ಎಷ್ಟು ದಿನ ಕಾಪಾಡಬೇಕು ಅಂತ ಕೇಳಬಹುದು. ಬೇರೆಯವುಗಳದ್ದು ಬಿಡಿ, ಇದರದ್ದು ಕಾಪಾಡಲೇಬೇಕು.

ಸರಿ. ಕೊಂದವನು ಡಾಕ್ಟರ್ ಶೆಪರ್ಡ್. ನಮಗೆ ಕಥೆ ಹೇಳುತ್ತಿರುವವನೇ, ಪತ್ತೇದಾರ ಪ್ವಾರೋನ ಜೊತೆಗಾರನೇ.

ಈ ಪುಸ್ತಕ ಯಾರಿಗೆ ಕೊಟ್ಟರೂ ಎರಡರಲ್ಲಿ ಒಂದು ಮಾತು ಬರುತ್ತದೆ. ‘ಅರ್ಧಕ್ಕೇ ಗೊತ್ತಾಗಿತ್ತು’ ಎನ್ನುವವರು ಕೆಲವರು (ಇವರಲ್ಲಿ ಮುಕ್ಕಾಲು ಜನರನ್ನು ನಾನು ನಂಬುವುದಿಲ್ಲ). ಇನ್ನುಳಿದವರು ನನ್ನ ತಂಗಿಯ ಪಕ್ಷ. ಅವಳು ಕೊನೆಯ ಪುಟ ಮುಗಿಸಿದ್ದೇ ಫೋನ್ ಮಾಡಿ, “ಶುದ್ಧ ಮೋಸ ಕಣಕ್ಕ ಇದು. ಅವನನ್ನೇ ನಂಬಿಕೊಂಡು ಓದಿದೆ, ಅವನೇ ಹೀಗಾ?” ಎಂದು ರೇಗಿದಳು.

ಅವಳ ಸಿಟ್ಟಿಗೆ ದೊಡ್ಡ ಪರಂಪರೆಯೇ ಇದೆ. ಪುಸ್ತಕ ಬಂದಾಗಲೇ ಇದು ಆಟದ ನಿಯಮಕ್ಕೆ ವಿರುದ್ಧ ಎಂದು ಗಲಾಟೆಯಾಯಿತು. ಪತ್ತೇದಾರಿ ಲೇಖಕಿ ಡೊರೊಥಿ ಸೇಯರ್ಸ್ ಮಾತ್ರ ಕ್ರಿಸ್ಟಿಯ ಪರ ನಿಂತು, ಎಲ್ಲರನ್ನೂ ಅನುಮಾನಿಸುವುದು ಓದುಗರ ಕೆಲಸ ಎಂದರು. ಇನ್ನೊಬ್ಬ ಲೇಖಕ ರೊನಾಲ್ಡ್ ನಾಕ್ಸ್ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಬರೆದದ್ದು 1929ರಲ್ಲಿ. ಪತ್ತೇದಾರನ ಜೊತೆಗಾರ ತನ್ನ ಮನಸ್ಸಿಗೆ ಬಂದ ಯಾವುದನ್ನೂ ಓದುಗರಿಂದ ಬಚ್ಚಿಡಬಾರದು ಎನ್ನುವುದು ಅದರಲ್ಲೊಂದು. ಅಷ್ಟು ಹೊತ್ತಿಗೆ ಆಕ್ರಾಯ್ಡ್ ಸತ್ತು ಮೂರು ವರ್ಷ.

ಬಚ್ಚಿಟ್ಟಿದ್ದು ನಿಜ. ಆದರೆ ಸುಳ್ಳು ಹೇಳಿದನೇ? ಕೊಲೆಯಾದ ರಾತ್ರಿಯ ಪುಟ ತೆಗೆದು ನೋಡಿ. ಎಂಟು ನಲವತ್ತಕ್ಕೆ ಕಾಗದ ಬಂತು, ಎಂಟು ಐವತ್ತಕ್ಕೆ ತಾನು ಹೊರಟಾಗಲೂ ಆಕ್ರಾಯ್ಡ್ ಅದನ್ನು ಓದಿರಲಿಲ್ಲ ಎನ್ನುತ್ತಾನೆ ಡಾಕ್ಟರ್. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಹಿಂದಿರುಗಿ ನೋಡುತ್ತಾನೆ, ಮಾಡುವುದೇನಾದರೂ ಉಳಿಯಿತೇ ಎಂದು ಯೋಚಿಸುತ್ತಾನೆ. ಒಂದು ಅಕ್ಷರವೂ ಸುಳ್ಳಲ್ಲ. ಆ ಹತ್ತು ನಿಮಿಷ ಏನಾಯಿತು ಅನ್ನುವುದನ್ನು ಮಾತ್ರ ಹೇಳಿಲ್ಲ. ನಾವೂ ಕೇಳಿಲ್ಲ.

ತಂಗಿಗೆ ನಾನು ಹೇಳಿದ್ದು ಬೇರೆ. ಡಾಕ್ಟರ್ ಇದನ್ನು ಬರೆಯುತ್ತಿರುವುದು ತನಿಖೆ ನಡೆಯುತ್ತಿರುವಾಗಲೇ. ಪ್ವಾರೋ ಸೋಲುತ್ತಾನೆ, ಆ ಸೋಲಿನ ಕಥೆಯನ್ನು ಮುಂದೊಂದು ದಿನ ಅಚ್ಚು ಹಾಕಿಸಬೇಕು ಎಂಬುದು ಅವನ ಆಸೆ. ಕೊನೆಯಲ್ಲಿ ತಾನೇ ಒಪ್ಪಿಕೊಳ್ಳುತ್ತಾನೆ. ಅಂದಮೇಲೆ ಬಚ್ಚಿಟ್ಟವನು ಅವನು, ಕ್ರಿಸ್ಟಿ ಅಲ್ಲ. ಆಮೇಲೆ ಈ ಬರಹದ ಮೊದಲ ಓದುಗ ಯಾರು? ಸ್ವತಃ ಪ್ವಾರೋ. ಹಸ್ತಪ್ರತಿ ಓದಿ, ತನ್ನ ಹಳೆಯ ಜೊತೆಗಾರ ಹೇಸ್ಟಿಂಗ್ಸ್ ಬರೆದರೆ ಪುಟಪುಟದಲ್ಲೂ ‘ನಾನು, ನಾನು’, ನೀವು ಹಾಗಲ್ಲ, ನಿಮ್ಮನ್ನು ಹಿಂದೆಯೇ ಇಟ್ಟುಕೊಂಡಿದ್ದೀರಿ ಎಂದು ಹೊಗಳುತ್ತಾನೆ. ಎಂಥ ವಿಮರ್ಶೆ! ಡಾಕ್ಟರಿಗೆ ಬೆನ್ನು ತಟ್ಟಿದಂತಿದೆ, ಕೈಗೆ ಕೋಳ ತೊಡಿಸಿದಂತೆಯೂ ಇದೆ. ನಮಗೆ ಸಿಕ್ಕಿದ್ದ ಪುಟಗಳೇ ಅವನಿಗೂ ಸಿಕ್ಕಿದ್ದು. ಅವನು ಸರಿಯಾಗಿ ಓದಿದ.

ಪುಸ್ತಕದಲ್ಲಿ ದೋಷವೇ ಇಲ್ಲ ಅಂತಲ್ಲ. ನಡುಭಾಗ ಎಳೆಯುತ್ತದೆ. ಮನೆಯಲ್ಲಿದ್ದ ಒಬ್ಬೊಬ್ಬರೂ ತಂತಮ್ಮ ಸಣ್ಣ ಗುಟ್ಟನ್ನು ಸರದಿಯಲ್ಲಿ ಬಂದು ಒಪ್ಪಿಸುವಾಗ ನನಗೆ ಆಕಳಿಕೆ ಬರುತ್ತದೆ. ಸತ್ತವನ ದನಿ ಕೇಳಿಸಲು ಡಿಕ್ಟಾಫೋನ್ ಎಂಬ ದನಿಮುದ್ರಣ ಯಂತ್ರ, ಅದನ್ನು ಮರೆಮಾಡಲು ಎಳೆದಿಟ್ಟ ಕುರ್ಚಿ, ಹೆಣ ಸಿಕ್ಕಾಗ ತಾನೇ ಅಲ್ಲಿರಲು ರೈಲ್ವೆ ಸ್ಟೇಷನ್ನಿನಿಂದ ಬರುವಂತೆ ಮಾಡಿದ ಫೋನು. ಇಷ್ಟೆಲ್ಲ ಒಂದೇ ರಾತ್ರಿ ಎಡವದೆ ನಡೆಯಬೇಕು. ಮೋಸ ಎನ್ನುವವರು ಜಗಳ ತೆಗೆಯುವುದಾದರೆ ಇಲ್ಲಿ ತೆಗೆಯಲಿ, ನಾನೂ ಸೇರುತ್ತೇನೆ. 2013ರಲ್ಲಿ ಬ್ರಿಟನ್ನಿನ ಅಪರಾಧ ಕಥೆಗಾರರ ಸಂಘ ಇದನ್ನೇ ಸಾರ್ವಕಾಲಿಕ ಶ್ರೇಷ್ಠ ಎಂದು ಆರಿಸಿತು ಎನ್ನುವುದು ಬೇರೆ ಮಾತು.

ಎಲ್ಲರೂ ಒಪ್ಪುವುದು ಡಾಕ್ಟರನ ಅಕ್ಕ ಕ್ಯಾರೊಲಿನ್ ವಿಷಯದಲ್ಲಿ. ಮನೆಯಿಂದ ಕಾಲು ಹೊರಗಿಡದೆ ಊರಿನ ಸುದ್ದಿಯನ್ನೆಲ್ಲ ಹಿಡಿಯುವ ಹೆಂಗಸು. ಮುಂದೆ ಕ್ರಿಸ್ಟಿಯ ಇನ್ನೊಬ್ಬ ಪತ್ತೇದಾರಿಣಿ ಮಿಸ್ ಮಾರ್ಪಲ್ ಹುಟ್ಟಿದ್ದರಲ್ಲಿ ಇವಳ ಪಾಲಿದೆ ಎಂದು ಕ್ರಿಸ್ಟಿಯೇ ಹೇಳಿಕೊಂಡಿದ್ದಾರೆ. ಫ್ರಾನ್ಸಿನ ವಿಮರ್ಶಕ ಪಿಯೆರ್ ಬಯಾರ್ ಅಂತೂ 1998ರಲ್ಲಿ ಇಡೀ ಪುಸ್ತಕವನ್ನೇ ಬರೆದು, ಪ್ವಾರೋ ತಪ್ಪಿದ, ಕೊಂದವಳು ಕ್ಯಾರೊಲಿನ್ ಎಂದು ವಾದಿಸಿದರು. ಓದಲು ಮಜವಾಗಿದೆ, ಆದರೆ ನಾನು ಒಪ್ಪುವುದಿಲ್ಲ. ಅವಳು ಕೊಂದಿದ್ದರೆ ತಾನೇ ಯಾರ ಹತ್ತಿರವಾದರೂ ಹೇಳಿಬಿಡುತ್ತಿದ್ದಳು.

ಕೊನೆಯಲ್ಲಿ ಪ್ವಾರೋ ಡಾಕ್ಟರಿಗೆ ಸಾಯುವ ದಾರಿ ಬಿಟ್ಟುಕೊಡುತ್ತಾನೆ. ಅದೂ ಅಕ್ಕನ ಮುಖ ನೋಡಿ. ಅದು ನ್ಯಾಯವೇ ಎಂದು ನಾನೂ ತಂಗಿಯೂ ಇನ್ನೂ ಕಿತ್ತಾಡುತ್ತಿದ್ದೇವೆ. ಒಂದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ಕ್ಯಾರೊಲಿನ್‌ಗೆ ನಿಜ ಎಂದೂ ತಿಳಿಯುವುದಿಲ್ಲ ಎಂದು ಡಾಕ್ಟರ್ ಬರೆಯುತ್ತಾನಲ್ಲ, ಹಾಲಿನವನಿಂದ ಊರಿನ ಸಾವಿನ ಸುದ್ದಿ ತಿಳಿಯುವವಳಿಗೆ! ಇಡೀ ಪುಸ್ತಕದಲ್ಲಿ ನಾವು ನಂಬದ ಮಾತು ಅದೊಂದೇ.