ಬೇಲೂರು ದೇವ್ರ ಮೆಟ್ಟು, ಜಾವಗಲ್ ಕಡೆ ತಾತನ ಮೆಟ್ಟು

ಹಾಸನದಿಂದ ಬೆಳಗ್ಗೆನೇ ಬೇಲೂರು ಬಸ್ ಹತ್ತಿದ್ವಿ. ದೇವಸ್ಥಾನದ ವಿಷ್ಯ ಎಲ್ರಿಗೂ ಗೊತ್ತಿರೋದೇ, 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು, ಶಿಲಾಬಾಲಿಕೆಯರು, ಕಂಬಗಳು. ನಾನು ಹೋಗಿದ್ದು ಚೆನ್ನಕೇಶವನ ಪಾದರಕ್ಷೆ ಕಥೆ ತಲೇಲಿಟ್ಕೊಂಡು. ಬಿ.ಎಲ್. ರೈಸ್ ಅವ್ರ ಹಳೇ ಮೈಸೂರು ಗೆಜೆಟಿಯರ್‌ನಲ್ಲಿದೆ ಇದು. ದೇವಿ ಬಾಬಾಬುಡನ್‌ಗಿರಿಲೇ ಉಳ್ಕೊಂಡ್ಳಂತೆ, ಅವ್ಳನ್ನ ನೋಡೋಕೆ ಸ್ವಾಮಿ ಆಗಾಗ ದೊಡ್ಡ ಜೋಡು ಮೆಟ್ಕೊಂಡು ಹೋಗ್ತಾನೆ ಅನ್ನೋ ನಂಬಿಕೆ, ಅವು ಸವೆದ್ರೆ ಹೊಸದು ಮಾಡ್ಕೊಡೋ ಹೊಣೆ ಚನ್ನಗಿರಿ, ಬಸವಾಪಟ್ಟಣದ ಚಮ್ಮಾರರದ್ದು, ಅದನ್ನ ಒಪ್ಪಿಸೋಕೆ ಅಂತ ಅವ್ರಿಗೆ ದೇವಸ್ಥಾನದ ಅಂಗಳದೊಳಗೆ ಬರೋಕೆ ಬಿಡ್ತಿದ್ರು. ಗೋಪುರದ ಹತ್ರ ಚಪ್ಪಲಿ ಬಿಟ್ಟು ನಾನು ಸಲೀಸಾಗಿ ಒಳಗೆ ಹೋದ ಅಂಗಳಕ್ಕೆ ಅವ್ರು ಬರೋಕೆ ದೇವ್ರ ಜೋಡು ಹೊತ್ತು ತರ್ಬೇಕಿತ್ತು! ಸಂಕಟ ಆಯ್ತು.

ಮಧ್ಯಾಹ್ನ ಹಳೇಬೀಡು ದಾಟಿ ಜಾವಗಲ್ ಕಡೆ ಫ್ರೆಂಡ್ ಊರಿಗೆ ಹೋದ್ವಿ. ಆ ಕಡೆ ಬಯಲುಸೀಮೆ, ಬದುಗಳ ಮೇಲೆಲ್ಲ ಹಳದಿ ತಂಗಡಿ ಹೂ. ಊರಿಗೆಲ್ಲ ಮೆಟ್ಟು ಹೊಲಿತಿದ್ದ ತಾತ ಒಬ್ರು ಜಗಲಿ ಮೇಲೆ ಸಿಕ್ಕಿದ್ರು, ಮಾತಿಗೆ ಕೂತ್ವಿ.

"ತಂಗಡಿ ಚಕ್ಕೆ ಇಲ್ದೆ ಚರ್ಮ ಎಲ್ಲಿ ಹದ ಬತ್ತದೆ ಕಣಪ್ಪ" ಅಂದ್ರು. ಮೊದ್ಲು ಚರ್ಮನ ಸುಣ್ಣದ ಗುಂಡೀಲಿ ನೆನೆಹಾಕಿ ಕೂದ್ಲು ಕೆರೀಬೇಕು, ಚೆನ್ನಾಗಿ ತೊಳೀಬೇಕು, ಆಮೇಲೆ ಚೀಲದ ಥರ ಹೊಲ್ದು ಒಳಗೆ ಜಜ್ಜಿದ ತಂಗಡಿ ಚಕ್ಕೆ, ನೀರು ತುಂಬಿ ಮರಕ್ಕೆ ನೇತುಹಾಕ್ತಿದ್ರಂತೆ, ಕೆಂಪು ನೀರು ತೊಟ್ಟಿಕ್ತಾನೇ ಇರೋದು, ಕೆಳಗೆ ಹಿಡಿದು ಮತ್ತೆ ಮೇಲೆ ಹುಯ್ಯೋದು. ಅಟ್ಟೆಗೆ, ಅಂದ್ರೆ ಮೆಟ್ಟಿನ ಅಡಿಭಾಗಕ್ಕೆ, ದಪ್ಪ ಎಮ್ಮೆ ಚರ್ಮ. ಹೊಸಾ ಮೆಟ್ಟು ಕಚ್ಚದೇ ಇರ್ಲಿ ಅಂತ ಹರಳೆಣ್ಣೆ. ಒಳಗಿಂದ ಚರ್ಮ ಕುಯ್ಯೋ ರಂಪಿಗೆ ತಂದು ತೋರಿಸಿದ್ರು, ಹಿಡಿ ಸವೆದು ಬೆರಳಿನ ಗುರುತು ಬಿದ್ದಿತ್ತು. ಮೆಟ್ಟು ಒಂದೇ ಅಲ್ಲ, ಕಪಿಲೆ ಬಾನಿ (ಎತ್ತು ಕಟ್ಟಿ ಬಾವಿ ನೀರೆತ್ತೋ ಚರ್ಮದ ಚೀಲ), ಮಿಣಿ (ಚರ್ಮದ ಹಗ್ಗ), ಬಾರುಕೋಲು ಎಲ್ಲಾ ಇವ್ರದ್ದೇ, ದುಡ್ಡಿಲ್ಲ, ಸುಗ್ಗೀಲಿ ಕಣದಲ್ಲಿ ಆಯ ಅಂತ ರಾಗಿ ಕೊಡೋರು. ಬಾನಿ ಇಲ್ದೆ ಬಾವಿ ನೀರು ಮೇಲೆ ಬರ್ತಿರ್ಲಿಲ್ಲ, ಅಂದ್ರೆ ಊರಿನ ಬೇಸಾಯನೇ ಇವ್ರ ಕೈಲಿತ್ತು ಅಂತ ನಂಗೆ ಅನ್ಸುತ್ತೆ.

"ತಾತ, ನೀವೂ ಮೆಟ್ಟು ಹಾಕ್ಕೊಳ್ತಿದ್ರಾ?" ಅಂದೆ.

"ಹೊಲದ ಹತ್ರ ಹಾಕ್ಕತಿದ್ದೆ. ಗೌಡ್ರ ಬೀದಿ ಬಂದ್ರೆ ಕೈಗೆ ತಗಳೋದು. ಅವ್ರ ಕಾಲಲ್ಲಿರದೂ ನಾನೇ ಹೊಲ್ದಿದ್ದು."

ಸ್ವಲ್ಪ ಹೊತ್ತು ನಂಗೆ ಏನು ಕೇಳ್ಬೇಕು ಅಂತಾನೇ ತೋಚಲಿಲ್ಲ. ಈಗ ಅವ್ರು ಹಾಕೋದು ಸಂತೇಲಿ ತಗೊಂಡ ರಬ್ಬರ್ ಚಪ್ಪಲಿ, ಅದೇ ಬೀದೀಲಿ ಹಾಕ್ಕೊಂಡೇ ಓಡಾಡ್ತಾರೆ. ಮಕ್ಕಳು ಬೆಂಗಳೂರಲ್ಲಿದ್ದಾರೆ, ಕಸುಬು ಕಲ್ತಿಲ್ಲ. "ನಾನೇ ಬ್ಯಾಡ ಅಂದೆ" ಅಂದ್ರು.