ತಕ್ಕಡಿ ವಾಲಿಸಿದ ಪುಟ್ಟ ಬದನೆಕಾಯಿ

ಮೊನ್ನೆ ಆಫೀಸಲ್ಲಿ ಒಂದು ಪೋಸ್ಟ್‌ಗೆ ಇಬ್ಬರನ್ನ ಇಂಟರ್‌ವ್ಯೂ ಮಾಡಿದ್ವಿ, ಒಬ್ಬರಿಗೆ ಹತ್ತು ವರ್ಷ ಎಕ್ಸ್‌ಪೀರಿಯೆನ್ಸು, ಇನ್ನೊಬ್ಬ ಹೋದ ವರ್ಷ ಕಾಲೇಜ್ ಮುಗಿಸಿದ ಹುಡುಗ. ರಿಪೋರ್ಟ್ ಬರೆಯೋದು ನನ್ನ ತಲೆಗೆ ಬಂತು, ಸ್ವಲ್ಪ ಸ್ಟೈಲಾಗಿರ್ಲಿ ಅಂತ ಎಕ್ಸ್‌ಪೀರಿಯೆನ್ಸ್ 'ಟಿಪ್ಡ್ ದ ಸ್ಕೇಲ್ಸ್', ಅಂದ್ರೆ ತಕ್ಕಡಿ ವಾಲಿಸ್ತು, ಅಂತ ಬರೆದು ಕಳಿಸಿಬಿಟ್ಟೆ. ಮ್ಯಾನೇಜರ್ ಮೇಡಂ ಕರೆದು, "ಹತ್ತು ವರ್ಷ ಒಂದ್ಕಡೆ, ಒಂದು ವರ್ಷ ಒಂದ್ಕಡೆ, ಇದಕ್ಕೆ ತಕ್ಕಡಿ ಯಾಕೆ ಮಾರಾಯಾ, ಅದು ಮೊದಲೇ ನೆಲ ಮುಟ್ಟಿತ್ತಲ್ಲ" ಅಂದ್ರು. ಮುಖ ಸಣ್ಣದಾಯ್ತು.

ಈ ಮಾತಿಗೂ ನನಗೂ ಹಳೇ ಜಗಳ. ಕಾಲೇಜಲ್ಲಿದ್ದಾಗ ಪೇಪರಲ್ಲಿ ಯಾವನೋ ಬಾಕ್ಸರ್ ಇಷ್ಟು ಕಿಲೋಗೆ 'ಟಿಪ್ಡ್ ದ ಸ್ಕೇಲ್ಸ್' ಅಂತ ಓದಿ ಯಂತ್ರಾನೇ ಮಗುಚಿಹಾಕಿದ್ನೇನೋ ಅಂದ್ಕೊಂಡಿದ್ದೆ, ಅಷ್ಟು ತೂಗ್ತಾನೆ ಅಂತ ಅರ್ಥ ಅಷ್ಟೇ. 'ಕ್ಯಾರೀಸ್ ವೇಟ್' ಅನ್ನೋದಾದ್ರೆ ಸುಲಭ, ನಮ್ಮಲ್ಲೂ ಅವರ ಮಾತಿಗೆ ತೂಕ ಇದೆ ಅಂತೀವಲ್ಲ.

ಮೇಡಂ ಬೈದ ಮೇಲೆ ಅಜ್ಜಿ ಜೊತೆ ಹೋಗ್ತಿದ್ದ ಸಂತೆ ನೆನಪಾಯ್ತು. ಒಂದು ತಟ್ಟೇಲಿ ಅರ್ಧ ಕೆಜಿ ಕಲ್ಲು, ಇನ್ನೊಂದರಲ್ಲಿ ಬದನೆಕಾಯಿ, ಮುಳ್ಳು ನಡುವೆ ನಡುಗ್ತಾ ನಿಂತಿರೋದು, ಸರಿಯಾಯ್ತಮ್ಮಾ ಅಂತ ತರಕಾರಿಯವನು, ಎಲ್ಲಾಯ್ತು ತಟ್ಟೆ ಇನ್ನೂ ಮೇಲೇ ಇದೆ ಅಂತ ಅಜ್ಜಿ. ಕೊನೆಗೆ ಅವನು ಬೈಕೊಂಡು ಹೆಬ್ಬೆಟ್ಟಿನಷ್ಟು ಒಂದು ಬದನೆಕಾಯಿ ಹಾಕಿದ್ರೆ ತಟ್ಟೆ ಟಕ್ ಅಂತ ಕೆಳಗೆ. 'ಟಿಪ್ಡ್ ದ ಸ್ಕೇಲ್ಸ್' ಅನ್ನೋ ಮಾತಿನ ಅರ್ಥ ಆ ಪುಟ್ಟ ಕಾಯಿ, ಕಲ್ಲಲ್ಲ; ಹೆಚ್ಚುಕಮ್ಮಿ ಸಮ ಇದ್ದಿದ್ದನ್ನ ಒಂದ್ಕಡೆ ವಾಲಿಸೋ ಚೂರು ಭಾರ. (ಬ್ಯಾಗಿಗೆ ಸುರಿದ ಮೇಲೆ ಅಜ್ಜಿ ಕಿತ್ಕೊಳ್ತಿದ್ದ ಕೊತ್ತಂಬರಿ ಕಟ್ಟು ಕೊಸರು, ಅದರ ಲೆಕ್ಕ ಬೇರೆ.)

2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಎಲೆಕ್ಷನ್ ನೋಡಿ, ಧ್ರುವನಾರಾಯಣ ಅವರಿಗೆ 40,752 ವೋಟು, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಎರಡೂ ಕಡೆ ನಲವತ್ತು ಸಾವಿರದ ಭಾರ ಇದ್ದಿದ್ದಕ್ಕೇ ಆ ಒಂದು ವೋಟಿಗೆ ಅಷ್ಟು ಬೆಲೆ. ಇಂಥ ಕಡೆ ಬಳಸಿದ್ರೆ ಮೇಡಂ ಕೂಡ ಸುಮ್ನಿರ್ತಿದ್ರು.

ರಿಪೋರ್ಟಲ್ಲಿ ಆ ಸಾಲು ಅಳಿಸಿ 'ಎಕ್ಸ್‌ಪೀರಿಯೆನ್ಸ್ ಜಾಸ್ತಿ' ಅಂತ ಹಾಕಿ ಕಳಿಸಿದೆ, ಓಕೆ ಅಂತ ಬಂತು. ಸಂಜೆ ಮನೆ ಹತ್ರ ಅರ್ಧ ಕೆಜಿ ಬೀನ್ಸ್ ತಗೊಳ್ತಾ ನಿಂತಿದ್ದೆ, ಎಲೆಕ್ಟ್ರಾನಿಕ್ ತಕ್ಕಡೀಲಿ 506 ಗ್ರಾಂ ಅಂತ ಬಂತು, ಅಂಗಡಿಯವನು ಒಂದು ಬೀನ್ಸ್ ಎತ್ತಿ ವಾಪಸ್ ಬುಟ್ಟಿಗೆ ಹಾಕ್ದ.